ಚಮಚ ಅಂದರೆ ಯಾವ ಚಮಚ?

ಔಷಧದ ಡಬ್ಬಿಯೊಳಗೆ ಎಂಟು ಮಡಿಕೆಯಾಗಿ ಕೂತಿರುವ ತೆಳು ಕಾಗದವನ್ನು ಬಿಡಿಸಿ, ಮೊದಲಿನಿಂದ ಕೊನೆಯವರೆಗೆ ಓದುವವರು ಊರಿಗೆ ಒಬ್ಬರಾದರೂ ಇರುತ್ತಾರೆ. ತರೀಕೆರೆಗೆ ಆ ಒಬ್ಬಳು ನಾನು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಓದಿದ ಮೇಲೆ ಆ ಕಾಗದವನ್ನು ಮತ್ತೆ ಅದೇ ಮಡಿಕೆಗೆ ತರುವುದು ನನಗೆ ಇವತ್ತಿಗೂ ಬಂದಿಲ್ಲ, ಹಾಗಾಗಿ ನಮ್ಮ ಮನೆಯ ಔಷಧದ ಡಬ್ಬಿಗಳೆಲ್ಲ ಹೊಟ್ಟೆ ಉಬ್ಬರಿಸಿಕೊಂಡು ನಿಂತಿರುತ್ತವೆ. ಇದಕ್ಕೆಲ್ಲ ಮೂಲ ನಾನು ಓದಿದ ಕಾನ್ವೆಂಟು. ಅಲ್ಲಿ ನಮಗೆ ಅಡುಗೆ ಕಲಿಸುತ್ತಿದ್ದ ಒಬ್ಬ ಸಿಸ್ಟರ್ ಇದ್ದರು. ಚಮಚದ ತುಂಬ ಸಕ್ಕರೆ ತೆಗೆದುಕೊಂಡರೆ ಸಾಲದು, ಚಾಕುವಿನ ಬೆನ್ನಿನಿಂದ ಅದನ್ನು ಮಟ್ಟಸವಾಗಿ ಸವರಬೇಕು. ಆಮೇಲೆ ಅವರು ಬಗ್ಗಿ, ಕಣ್ಣನ್ನು ಚಮಚದ ಅಂಚಿನ ಎತ್ತರಕ್ಕೆ ತಂದು, ಎಲ್ಲಾದರೂ ಒಂದು ಸಣ್ಣ ದಿಬ್ಬ ಉಳಿದಿದೆಯೇ ಎಂದು ನೋಡುತ್ತಿದ್ದರು. ದಿಬ್ಬ ಉಳಿದಿದ್ದರೆ ಅವರು ಬೈಯುತ್ತಿರಲಿಲ್ಲ. ಸುಮ್ಮನೆ ನಮ್ಮ ಮುಖ ನೋಡುತ್ತಿದ್ದರು, ಅಷ್ಟೇ. ಮೂವತ್ತೈದು ವರ್ಷವಾದರೂ ನಾನು ಸಾರಿಗೆ ಉಪ್ಪು ಹಾಕುವಾಗ ಯಾರೋ ಬಗ್ಗಿ ನೋಡುತ್ತಿದ್ದಾರೆ ಅನ್ನಿಸುತ್ತದೆ.

ಇಂಥವಳಿಗೆ ನಲವತ್ತೊಂಬತ್ತನೇ ವರ್ಷದಲ್ಲಿ ಕಾವು ಶುರುವಾಯಿತು. ಮುಟ್ಟು ನಿಲ್ಲುವ ಹೊತ್ತಿಗೆ ಹಾರ್ಮೋನು ಏರುಪೇರಾಗಿ ಮೈಯೊಳಗೆ ಯಾರೋ ಒಲೆ ಹೊತ್ತಿಸಿದ ಹಾಗಾಗುವ ವಿಷಯ ನನಗೆ ಓದಿ ಗೊತ್ತಿತ್ತು. ಆದರೆ ಓದುವುದು ಬೇರೆ, ಕಡೂರಿನ ಸೀರೆ ಅಂಗಡಿಯಲ್ಲಿ ಚಳಿಗಾಲದ ಬೆಳಿಗ್ಗೆ ಹನ್ನೊಂದು ಗಂಟೆಗೆ, ನಿಮಗೆ ಸೀರೆ ಬಿಚ್ಚಿ ತೋರಿಸುತ್ತಿರುವವನನ್ನು ಬಿಟ್ಟು ಫ್ಯಾನಿನ ಕೆಳಗಿನ ಜಾಗ ಹುಡುಕಿಕೊಂಡು ಹೋಗಿ ಗಂಡಸರ ಪಂಚೆ ವಿಭಾಗದಲ್ಲಿ ನಿಲ್ಲುವುದು ಬೇರೆ. ಕಾವು ಮೊದಲು ಎದೆಯ ನಡುವೆ ಬರುತ್ತದೆ. ಅಲ್ಲಿಂದ ಕುತ್ತಿಗೆಗೆ ಏರುತ್ತದೆ. ಕಿವಿಯ ತುದಿ ತಲುಪಿದಾಗ ನನಗೆ ಗೊತ್ತಾಗುತ್ತದೆ, ಇನ್ನು ಎರಡು ನಿಮಿಷ ನಾನು ನಾನಲ್ಲ. ನಮ್ಮ ಮನೆಯವರು ಬೀಜ ಮತ್ತು ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾರೆ, ಸಮಾಧಾನದ ಮನುಷ್ಯ. ನಾನು ಫ್ಯಾನು ಐದಕ್ಕೆ ತಿರುಗಿಸಿದರೆ ಅವರು ಒಂದು ಮಾತೂ ಆಡದೆ ಎದ್ದು ಹೋಗಿ, ರಗ್ಗು ತಂದು ತಲೆತನಕ ಹೊದ್ದುಕೊಂಡು, ಅದರೊಳಗಿನಿಂದಲೇ ಟೀವಿ ನೋಡುತ್ತಿದ್ದರು.

ಕಾವು ಮೈಗೆ ಮಾತ್ರ ಬಂದಿದ್ದರೆ ನಾನು ಇಷ್ಟೆಲ್ಲ ಬರೆಯುತ್ತಿರಲಿಲ್ಲ. ಅದು ಒಂದು ದಿನ ನಾಲಗೆಗೂ ಬಂದುಬಿಟ್ಟಿತು. ನಮ್ಮತ್ತೆಗೆ ಎಪ್ಪತ್ತೆಂಟು. ಅವರ ಮಾತು ನಮ್ಮ ಮನೆಯಲ್ಲಿ ನಲ್ಲಿ ನೀರಿನ ಹಾಗೆ, ಬೆಳಿಗ್ಗೆ ಆರಕ್ಕೆ ಬಂದರೆ ಟ್ಯಾಂಕು ತುಂಬುವವರೆಗೂ ನಿಲ್ಲುವುದಿಲ್ಲ. ಅವತ್ತು ನಾನು ರೊಟ್ಟಿ ತಟ್ಟುತ್ತಿದ್ದೆ. ಅವರು ಬಾಗಿಲ ಹತ್ತಿರ ಮಣೆ ಹಾಕಿಕೊಂಡು ಕೂತು, ಅಮೃತಾಪುರದಲ್ಲಿ ಯಾವ ಕಾಲದಲ್ಲೋ ನಡೆದ ಮದುವೆಯೊಂದರಲ್ಲಿ ಸಾರು ಸಾಲದೆ ಹೋದ ಕತೆ ಹೇಳುತ್ತಿದ್ದರು. ನಾನು ಅದನ್ನು ನೂರು ಸಲ ಕೇಳಿದ್ದೇನೆ. ಬೀಗರ ಪಂಕ್ತಿ ಕೂರುವ ಜಾಗಕ್ಕೆ ಕತೆ ಬರುವುದಕ್ಕೂ, ಕಾವು ಕಿವಿಯ ತುದಿಗೆ ಏರುವುದಕ್ಕೂ ಸರಿಹೋಯಿತು. "ಅತ್ತೆ, ಒಂಚೂರು ಸುಮ್ನಿರ್ತೀರಾ" ಎಂದುಬಿಟ್ಟೆ. ಕೈಯಲ್ಲಿದ್ದ ಸಟ್ಟುಗ ಕಟ್ಟೆಗೆ ಬಡಿದ ಸದ್ದು ಮಾತಿಗಿಂತ ಜೋರಾಗಿತ್ತು.

ಅತ್ತೆ ಸುಮ್ಮನಾದರು. ಸಂಜೆಯೂ ಸುಮ್ಮನಿದ್ದರು. ಮರುದಿನವೂ. ಸಿಟ್ಟು ಮಾಡಿಕೊಂಡವರ ಹಾಗೇನೂ ಕಾಣಲಿಲ್ಲ; ಕೇಳಿದ್ದಕ್ಕೆ "ಹೂಂ" ಅನ್ನುತ್ತಿದ್ದರು, ಬೇಡದ್ದಕ್ಕೆ "ಬ್ಯಾಡ" ಅನ್ನುತ್ತಿದ್ದರು, ಊಟಕ್ಕೆ ಕರೆದರೆ ಬರುತ್ತಿದ್ದರು. ಅದೇ ನನಗೆ ಸಂಕಟ. ಇಪ್ಪತ್ತಾರು ವರ್ಷ ಒಂದೇ ಅಡುಗೆಮನೆಯಲ್ಲಿ ಕಳೆದ ಮೇಲೆ, ಹೀಗೆ ಅಳೆದು ಸುರಿದ ಮಾತು ಕೇಳುವುದೆಂದರೆ ನಮ್ಮ ಮನೆಯಲ್ಲೇ ನಾನು ನೆಂಟಳಾದ ಹಾಗೆ. ತಪ್ಪಾಯ್ತು ಅನ್ನಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ಆದರೆ ನನ್ನ ಬುದ್ಧಿ ಒಂದು ತರ್ಕ ಹೂಡಿತು. ಇವತ್ತು ತಪ್ಪಾಯ್ತು ಅಂದು, ನಾಳೆ ಮತ್ತೆ ಕಾವು ಏರಿ ಮತ್ತೆ ರೇಗಿದರೆ ಆ ತಪ್ಪಾಯ್ತಿಗೆ ಬೆಲೆಯೇನು? ಮೊದಲು ಕಾವು ಹತೋಟಿಗೆ ಬರಲಿ, ಆಮೇಲೆ ಒಂದೇ ಸಲಕ್ಕೆ ಗಟ್ಟಿಯಾಗಿ ಕೇಳಿಕೊಂಡರಾಯಿತು. ಹೀಗೆ ನಮ್ಮತ್ತೆಯ ಮಾತು ಮರಳಿ ಬರುವುದು ನನ್ನ ಹಾರ್ಮೋನಿನ ಮೇಲೆ ನಿಂತಿತು.

ಆಗ ಅಜ್ಜಂಪುರದಿಂದ ನನ್ನ ನಾದಿನಿ ಗಿರಿಜ ಬಂದಳು. ಅವಳ ಚೀಲದಲ್ಲಿ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣವಿತ್ತು. ಅಲ್ಲಿ ಬೇರು ನಾರು ಮಾರುವ ಒಬ್ಬ ಪಂಡಿತರಿದ್ದಾರೆ, ಅವರು ಕುಟ್ಟಿ ಕೊಟ್ಟ ಶತಾವರಿ ಪುಡಿ. ನಮ್ಮ ಕಡೆ ಅದನ್ನು ಹಲವು ಮಕ್ಕಳ ತಾಯಿ ಬೇರು ಅನ್ನುತ್ತಾರೆ. ಗಿಡ ಕಿತ್ತರೆ ಬುಡದಲ್ಲಿ ಬೆರಳಿನಂಥ ಬೇರುಗಳು ಗೊಂಚಲು ಗೊಂಚಲಾಗಿ ಜೋತುಬಿದ್ದಿರುತ್ತವಂತೆ, ಅದಕ್ಕೇ ಆ ಹೆಸರು. ಹೆಸರು ಕೇಳಿದ್ದೇ ನಮ್ಮ ಮನೆಯವರು ರಗ್ಗಿನಿಂದ ತಲೆ ಹೊರಗೆ ಹಾಕಿದರು. ನಮಗಿರುವುದು ಒಬ್ಬಳೇ ಮಗಳು, ಅವಳೂ ಓದು ಮುಗಿಸುತ್ತಿದ್ದಾಳೆ. "ಈ ವಯಸ್ಸಲ್ಲಿ ಅದನ್ನ ತಿಂದ್ರೆ ಏನೂ ಆಗಲ್ವೇನೆ?" ಎಂದು ತಂಗಿಯನ್ನು ಕೇಳಿದರು. "ಏನಾಗ್ತದೆ ಅಣ್ಣ, ಅತ್ತಿಗೆ ತಣ್ಣಗಾಗ್ತಾರೆ, ನೀನು ರಗ್ಗು ಮಡಿಚಿಡ್ತೀಯ" ಎಂದಳು ಗಿರಿಜ. ಆಮೇಲೆ ನನ್ನ ಕಡೆ ತಿರುಗಿ, "ದಿನಾ ಸಂಜೆ ಹಾಲಿಗೆ ಒಂದು ಚಮಚ. ಒಂದು ಮಂಡಲಕ್ಕೆ ಕೊಟ್ಟವ್ರೆ, ನಲವತ್ತೆಂಟು ದಿನ" ಎಂದು ಹೇಳಿ ಐದೂವರೆ ಬಸ್ಸಿಗೆ ಹೊರಟುಹೋದಳು.

ಒಂದು ಚಮಚ. ಅವಳು ಹೋದ ಮೇಲೆ ಅಡುಗೆಮನೆಯ ಡ್ರಾಯರ್ ಎಳೆದು ನೋಡಿದೆ. ನಮ್ಮ ಮನೆಯಲ್ಲಿ ಹನ್ನೊಂದು ಜಾತಿಯ ಚಮಚಗಳಿವೆ ಎಂದು ಅವತ್ತು ಗೊತ್ತಾಯಿತು. ಉಪ್ಪಿನ ಜಾಡಿಯ ಮರದ ಚಮಚ, ತುಪ್ಪದ ಗಿಣ್ಣಲಿನ ಉದ್ದ ಕುತ್ತಿಗೆಯದು, ಕಾಫಿಪುಡಿಯ ಡಬ್ಬದ್ದು, ಯಾರದೋ ಗೃಹಪ್ರವೇಶದಲ್ಲಿ ಕೊಟ್ಟ ಹೂವಿನ ಹಿಡಿಯದು, ಕೆಮ್ಮಿನ ಔಷಧದ ಜೊತೆ ಬಂದ ಪ್ಲಾಸ್ಟಿಕ್‌ನದು, ಎಲ್ಲಿಂದ ಬಂತೋ ತಿಳಿಯದ, ಯಾರ ಬಾಯಿಗೂ ಹಿಡಿಯದ ಒಂದು ಅಗಲದ್ದು. ಗಿರಿಜಳಿಗೆ ಫೋನು ಮಾಡಿದೆ. "ಚಮಚ ಅಂದರೆ ಯಾವ ಚಮಚ ಗಿರಿಜ?" ಬಸ್ಸಿನ ಗದ್ದಲದಲ್ಲಿ ಅವಳು, "ಚಮಚ ಅಂದ್ರೆ ಚಮಚ ಕಣತ್ತಿಗೆ" ಎಂದಳು. "ಸವರಿದ್ದೋ, ಗುಡ್ಡೆ ಹಾಕಿದ್ದೋ?" ಎಂದೆ. ಅವಳು ತುಂಬಾ ಮೃದುವಾಗಿ, "ಅತ್ತಿಗೆ, ನಿಮ್ಗೆ ನಿದ್ದೆ ಸರಿಯಾಗಿ ಆಗ್ತಿಲ್ಲ ಅಲ್ವ" ಎಂದಳು.

ಅಂಗಡಿಯಲ್ಲಿ ಸಿಗುವ ಇದೇ ಪುಡಿಯ ಡಬ್ಬಿಯ ಮೇಲೆ ಏನು ಬರೆದಿರುತ್ತದೆ ನೋಡೋಣ ಎಂದು ಔಷಧದ ಅಂಗಡಿಗೆ ಹೋದೆ. ಒಂದರಿಂದ ಎರಡು ಚಮಚ, ದಿನಕ್ಕೆ ಒಂದು ಅಥವಾ ಎರಡು ಬಾರಿ, ಇಲ್ಲವೇ ವೈದ್ಯರ ಸಲಹೆಯಂತೆ ಎಂದಿತ್ತು. ಅಂದರೆ ಒಂದರಿಂದ ನಾಲ್ಕರವರೆಗೆ ಎಷ್ಟಾದರೂ ಆಗಬಹುದು, ಅದೂ ಸರಿಹೋಗದಿದ್ದರೆ ಬೇರೆಯವರನ್ನು ಕೇಳಿ. ಹೀಗೆ ಯಾರಾದರೂ ದಾರಿ ಹೇಳುತ್ತಾರೆಯೇ? ಬೀರೂರಿಗೆ ಹೋಗಬೇಕಾದರೆ ಒಂದು ಬಸ್ಸು ಹತ್ತಿ, ಬೇಕಾದರೆ ನಾಲ್ಕು ಹತ್ತಿ, ಇಲ್ಲದಿದ್ದರೆ ಕಂಡಕ್ಟರನ್ನು ವಿಚಾರಿಸಿ ಅಂದ ಹಾಗೆ.

ಪಕ್ಕದ ಮನೆಯ ಶಾಹೀನಾ ಆಪಾ ಹೊಲಿಗೆ ಕೆಲಸ ಮಾಡುತ್ತಾರೆ. ನನಗಿಂತ ಎಂಟು ವರ್ಷ ದೊಡ್ಡವರು, ಈ ಕಾವಿನ ಹೊಳೆಯನ್ನು ಯಾವಾಗಲೋ ದಾಟಿ ಆಚೆ ದಡದಲ್ಲಿ ಕೂತಿರುವವರು. ರವಿಕೆಗೆ ಅಳತೆ ತೆಗೆಯುವಾಗ ಕಾಲು ಇಂಚು ಆಚೀಚೆ ಆಗಲು ಬಿಡದವರು, ಹಾಗಾಗಿ ಇವರಿಗೆ ಗೊತ್ತಿರುತ್ತದೆ ಅಂದುಕೊಂಡೆ. ಅವರು ಹಲ್ಲಿನಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದು, "ಚಮಚ ಗಿಮಚ ಯಾಕೆ ವೀಣಾ, ಅಲ್ಲಾ ಮೂರು ಬೆರಳು ಕೊಟ್ಟಿಲ್ವಾ? ಹಿಂಗೆ ಹಿಡಿ, ಹಿಂಗೆ ಹಾಕು" ಎಂದು ಗಾಳಿಯಲ್ಲಿ ತೋರಿಸಿದರು. ನಾನು ಅವರ ಬೆರಳು ನೋಡಿದೆ, ನನ್ನ ಬೆರಳು ನೋಡಿಕೊಂಡೆ. ಅವರದು ಬಾಳೆಹಣ್ಣಿನ ಚಿಪ್ಪಿನ ಹಾಗೆ ತುಂಬಿಕೊಂಡಿವೆ, ನನ್ನವು ಹುರಳಿಕಾಯಿ. ಮಧ್ಯಾಹ್ನ ಪುಡಿಯನ್ನು ತೆಗೆದುಕೊಂಡು, ಆಪಾ ಅವರನ್ನೂ ಕರೆದುಕೊಂಡು, ಮನೆಯವರ ಅಂಗಡಿಗೆ ಹೋದೆ. ಅಲ್ಲಿ ತರಕಾರಿ ಬೀಜ ತೂಗಲು ಗ್ರಾಮಿನ ಲೆಕ್ಕದ ಸಣ್ಣ ತಕ್ಕಡಿ ಇದೆ. ಆಪಾ ಅವರ ಚಿಟಿಕೆ ಮೂರು ಗ್ರಾಂ ಬಂತು. ನನ್ನ ಚಿಟಿಕೆ ಒಂದು. ಬದನೆ ಬೀಜಕ್ಕೆ ಕಾಯುತ್ತಿದ್ದ ಇಬ್ಬರು ರೈತರು ಇದನ್ನು ಗಂಭೀರವಾಗಿ ನೋಡಿ, "ಇದು ಯಾವ ತಳಿ ಕಣಕ್ಕ?" ಎಂದು ಕೇಳಿದರು. ಆಪಾ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಹೋದರು.

ಸರಿ, ಯಾರೂ ಹೇಳದಿದ್ದರೆ ನಾನೇ ಕಂಡುಹಿಡಿಯುತ್ತೇನೆ ಎಂದು ಒಂದು ನೋಟ್‌ಬುಕ್ ತೆಗೆದೆ. ಗೆರೆ ಎಳೆದು ನಾಲ್ಕು ಅಂಕಣ ಮಾಡಿದೆ. ತಾರೀಖು, ಪುಡಿ, ಕಾವು ಬಂದ ಸಲ, ವಿಶೇಷ. ಪೊಟ್ಟಣದ ಪುಡಿಯನ್ನು ಒಂದು ಡಬ್ಬಿಗೆ ತುಂಬಿಸಿ, ಕಾಫಿಪುಡಿಯ ಚಮಚವೇ ಇನ್ನು ಮೇಲೆ ಚಮಚ ಎಂದು ನಿರ್ಧರಿಸಿ ಅದಕ್ಕೆ ಕೆಂಪು ದಾರ ಕಟ್ಟಿದೆ. ಮೊದಲ ವಾರ ಕಾಲು ಚಮಚ, ಎರಡನೇ ವಾರ ಅರ್ಧ, ಮೂರನೇ ವಾರ ಮುಕ್ಕಾಲು, ಹೀಗೆ. ನಮ್ಮ ಮನೆಯಲ್ಲಿ ಸಂಜೆಯ ಹಾಲು ಕಾಯಿಸುವುದು ಇವತ್ತಿಗೂ ಅತ್ತೆಯ ಕೆಲಸ, ಅದನ್ನವರು ಯಾರಿಗೂ ಬಿಟ್ಟುಕೊಟ್ಟಿಲ್ಲ. ಐದು ಗಂಟೆಗೆ ಅವರು ಮೂರು ಲೋಟ ಕಟ್ಟೆಯ ಮೇಲೆ ಇಡುತ್ತಾರೆ. ನಾನು ನನ್ನ ಲೋಟಕ್ಕೆ ಚಾಕುವಿನಿಂದ ಸವರಿದ ಪುಡಿ ಹಾಕಿ, ಕಲಕಿ, ಕುಡಿದು, ಪುಸ್ತಕದಲ್ಲಿ ಬರೆಯುತ್ತಿದ್ದೆ. ಅತ್ತೆ ಇದನ್ನೆಲ್ಲ ಮಣೆಯ ಮೇಲೆ ಕೂತು ನೋಡುತ್ತಿದ್ದರು. ಏನೂ ಅನ್ನುತ್ತಿರಲಿಲ್ಲ.

ಫಲಿತಾಂಶ ಮಾತ್ರ ಹುಚ್ಚುಹುಚ್ಚಾಗಿ ಬರತೊಡಗಿತು. ಕಾಲು ಚಮಚದ ವಾರ ಒಂದು ದಿನ ಎರಡೇ ಸಲ ಕಾವು, ಮರುದಿನ ಒಂಬತ್ತು ಸಲ. ಮುಕ್ಕಾಲಿನ ವಾರವೂ ಅದೇ ಕತೆ. ಸಣ್ಣ ಸಣ್ಣದನ್ನೂ ಗಮನಿಸುವವಳು ನಾನು ಎಂದು ಹೇಳಿದೆನಲ್ಲ, ವಿಶೇಷ ಎನ್ನುವ ಅಂಕಣ ತುಂಬಿ ಹೋಗುತ್ತಿತ್ತು. 'ಲೋಟದ ತಳದಲ್ಲಿ ಪುಡಿ ಉಳಿದಿದೆ, ಸರಿಯಾಗಿ ಕರಗಿಲ್ಲ.' 'ಇವತ್ತು ಬಹಳ ಉಳಿದಿದೆ. ಹಾಲು ಗಟ್ಟಿಯೇ?' 'ಡಬ್ಬಿಯ ಪುಡಿ ಬೇಗ ಇಳಿಯುತ್ತಿದೆ. ಇರುವೆ ಇರಬಹುದು.' ಇರುವೆಗೂ ಹಾರ್ಮೋನಿನ ತೊಂದರೆಯೇ ಎಂದು ಒಂದು ಕ್ಷಣ ಯೋಚಿಸಿ, ಡಬ್ಬಿಯನ್ನು ನೀರಿನ ತಟ್ಟೆಯಲ್ಲಿ ಇಟ್ಟೆ. ಮರುದಿನವೂ ಪುಡಿ ಇಳಿದಿತ್ತು. 'ಈಜುವ ಇರುವೆ?' ಎಂದು ಬರೆದೆ, ಮನಸ್ಸು ಮಾತ್ರ ಒಪ್ಪಲಿಲ್ಲ.

ಒಂದು ಭಾನುವಾರ ಮನೆಯವರು ಆ ಪುಸ್ತಕ ತಿರುವಿ ಹಾಕಿದರು. "ಏನೇ ಇದು, ಗೊಬ್ಬರ ಹಾಕಿ ನೋಡೋ ಟ್ರಯಲ್ ಪ್ಲಾಟಿನ ರಿಪೋರ್ಟ್ ಇದ್ದಂಗಿದೆ. ಪುಡಿ ಹಾಕ್ದೆ ಇರೋ ಪ್ಲಾಟ್ ಎಲ್ಲಿ?" ಎಂದರು. "ಅದಿಲ್ಲ" ಎಂದೆ. "ಮತ್ತೆ ಏನು ಗೊತ್ತಾಗ್ತದೆ ಇದ್ರಲ್ಲಿ" ಎಂದು, ಆಮೇಲೆ ತಮ್ಮ ವ್ಯಾಪಾರದ ಒಂದು ಗುಟ್ಟು ಹೇಳಿದರು. "ನೋಡು, ಹದಿನೈದು ಲೀಟರ್ ಕ್ಯಾನಿಗೆ ಒಂದು ಮುಚ್ಚಳ ಔಷಧಿ ಅಂತ ಕಂಪ್ನಿಯೋರು ಬರ್ದಿರ್ತಾರೆ. ನಾನು ರೈತ್ರಿಗೆ ಅರ್ಧ ಮುಚ್ಚಳ ಅಂತೀನಿ. ಅರ್ಧ ಅಂದ್ರೆ ಅವ್ನು ಒಂದು ಹಾಕ್ತಾನೆ, ಸರಿಹೋಗ್ತದೆ. ಒಂದು ಅಂದ್ರೆ ಎರಡು ಹಾಕಿ, ಗಿಡ ಸುಟ್ಕೊಂಡು, ಅದನ್ನ ಕಿತ್ಕೊಂಡ್ ಬಂದು ನನ್ ಅಂಗ್ಡಿ ಮುಂದೆ ಇಡ್ತಾನೆ."

"ಹೇಳಿದಷ್ಟೇ ಹಾಕೋರು ಬಂದರೆ?"

ಅವರು ನಿಜವಾಗಿಯೂ ಯೋಚನೆ ಮಾಡಿದರು. "ಇಪ್ಪತ್ತೆಂಟು ವರ್ಷದಲ್ಲಿ ಒಬ್ಬನೂ ಬಂದಿಲ್ಲ" ಎಂದರು.

ಅಜ್ಜಂಪುರದ ಪಂಡಿತರೂ ಹಾಗೆಯೇ ಹೇಳಿದ್ದರೆ? ಊರಿನವರೆಲ್ಲ ಹೇಳಿದ್ದನ್ನು ಮೀರುತ್ತಾರೆ ಎಂಬ ನಂಬಿಕೆಯ ಮೇಲೆ ನಡೆಯುತ್ತಿರುವ ಲೋಕದಲ್ಲಿ, ಹೇಳಿದ್ದನ್ನು ಚಾಕುವಿನಿಂದ ಸವರಿ ಪಾಲಿಸುತ್ತಿರುವವಳು ನಾನೊಬ್ಬಳೇ ಆದರೆ ನನ್ನ ಗತಿಯೇನು? ಮರುದಿನವೇ ಪುಸ್ತಕ, ದಾರ ಕಟ್ಟಿದ ಚಮಚ, ತಳ ಕಾಣುತ್ತಿದ್ದ ಡಬ್ಬಿ ಮೂರನ್ನೂ ಚೀಲಕ್ಕೆ ಹಾಕಿಕೊಂಡು ಅಜ್ಜಂಪುರದ ಬಸ್ಸು ಹತ್ತಿದೆ.

ಪಂಡಿತರದು ಒಂದೇ ಬಾಗಿಲಿನ ಅಂಗಡಿ. ಗೋಡೆಯುದ್ದಕ್ಕೂ ಹಳೇ ಬಿಸ್ಕತ್ತಿನ ಡಬ್ಬಗಳು, ಅವುಗಳ ಮೇಲೆ ಅವರಿಗೊಬ್ಬರಿಗೇ ಓದಲು ಬರುವ ಅಕ್ಷರ. ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಎರಡು ಪೆನ್ನು. ನಾನು ಗಿರಿಜಳ ಅತ್ತಿಗೆ ಎಂದು ಹೇಳಿ, ಒಂದು ಚಮಚ ಎಂದರೆ ಎಷ್ಟು ಎಂದು ಕೇಳಿದೆ. "ಒಂದು ಚಮಚ ಅಂತ ಯಾರು ಹೇಳಿದ್ದಮ್ಮ? ನಾನು ಆಯಮ್ಮಂಗೆ ಅರ್ಧ ಅಂದಿದ್ದೆ" ಎಂದರು. ಅಲ್ಲಿಂದಲೇ ಗಿರಿಜಳಿಗೆ ಫೋನು ಹಚ್ಚಿದೆ, ಸ್ಪೀಕರ್ ಹಾಕಿದೆ. ಗಿರಿಜ ಒಂಚೂರೂ ಅಳುಕಲಿಲ್ಲ. "ಹೌದು ಕಣತ್ತಿಗೆ, ಅರ್ಧ ಅಂದಿದ್ರು. ನೀವು ಯಾವುದನ್ನ ಪೂರ್ತಿ ತಿಂದಿದ್ದೀರ ಹೇಳಿ? ಮದ್ವೆ ಮನೇಲಿ ಹೋಳಿಗೆ ಹಾಕಿದ್ರೆ ಅರ್ಧ ಮುರ್ದು ಪಕ್ಕದೆಲೆಗೆ ಹಾಕ್ತೀರ. ಒಂದು ಅಂದ್ರೆ ನೀವು ಅರ್ಧ ತಗೊಂತೀರ ಅಂತ ಒಂದು ಅಂದೆ." ಪಂಡಿತರು ತಲೆದೂಗಿ, "ಆಯಮ್ಮನ ಲೆಕ್ಕ ಸರಿಯಾಗೇ ಐತೆ" ಎಂದರು.

"ಹಾಗಾದರೆ ಅರ್ಧವೇ ಸರಿಯಾದ ಅಳತೆ ಅನ್ನಿ" ಎಂದು ಪುಸ್ತಕ ಬಿಚ್ಚಿದೆ.

"ಅರ್ಧ ಅಂದ್ರೆ ಹೆಂಗಸ್ರು ಗುಡ್ಡೆ ಹಾಕ್ಕೊಂತಾರೆ, ಮುಕ್ಕಾಲಾಗ್ತದೆ. ನನಗೆ ಬೇಕಾಗಿರೋದು ಮುಕ್ಕಾಲು."

"ಮುಕ್ಕಾಲು ಅಂತಲೇ ಹೇಳಬಹುದಲ್ಲ ಪಂಡಿತರೇ?"

"ಮುಕ್ಕಾಲು ಅಂದ್ರೆ ಯಾರಮ್ಮ ಕೂತು ಅಳೀತಾರೆ? ಒಂದು ಹಾಕ್ಕೊಂಡ್ಬಿಡ್ತಾರೆ."

ನಾನು ಸುಮ್ಮನೆ ದಾರ ಕಟ್ಟಿದ ಚಮಚವನ್ನು ಅವರ ಮುಂದೆ ಇಟ್ಟೆ. ಅವರು ಅದನ್ನು ಎತ್ತಿ ಹಿಂದೆ ಮುಂದೆ ನೋಡಿದರು. ಪುಸ್ತಕವನ್ನೂ ನೋಡಿದರು. ಆಮೇಲೆ ಅವರ ದನಿ ಬದಲಾಯಿತು. ಬೇರೆ ಏನಾದರೂ ಮಾತ್ರೆ ನುಂಗುತ್ತೀರಾ ಎಂದು ಕೇಳಿದರು. ಥೈರಾಯ್ಡಿಗೆ ಬೆಳಿಗ್ಗೆ ಒಂದು ಎಂದೆ. "ಆ ಡಾಕ್ಟ್ರಿಗೆ ಈ ಪುಡಿ ವಿಷ್ಯ ಹೇಳಿದ್ದೀರ?" ಇಲ್ಲ. "ಇಷ್ಟು ಬರ್ಕೊಳ್ಳೋರು ಅದೊಂದು ಬಿಟ್ಬಿಟ್ರಲ್ಲಮ್ಮ. ಮೊದ್ಲು ಅವ್ರನ್ನ ಕೇಳಿ. ನಾನು ಬೇರು ಬಲ್ಲೆ, ರಕ್ತದ ರಿಪೋರ್ಟ್ ಓದಾಕೆ ಬರಲ್ಲ." ನನಗೆ ನಾಚಿಕೆಯಾಯಿತು. ಕಾಗದಗಳಲ್ಲಿ ಸಣ್ಣಕ್ಷರದ್ದನ್ನೆಲ್ಲ ಓದುತ್ತೇನೆ, ದಪ್ಪಕ್ಷರದಲ್ಲಿ ಇರುವುದನ್ನು ಬಿಟ್ಟುಬಿಡುತ್ತೇನೆ. ಎದ್ದು ಬರುವಾಗ ಅವರು ಡಬ್ಬಿಯ ತಳ ನೋಡಿ, "ನಾಲ್ಕು ವಾರಕ್ಕೆ ಇಷ್ಟು ಇಳೀತಾ? ನೀವು ಬರ್ದಿರೋ ಲೆಕ್ಕಕ್ಕೆ ಇನ್ನೂ ಅರ್ಧಕ್ಕಿಂತ ಜಾಸ್ತಿ ಇರ್ಬೇಕಿತ್ತು. ಹಾಲು ಕಾಯ್ಸೋದು ಯಾರಮ್ಮ ಮನೇಲಿ?" ಎಂದರು.

ಬಸ್ಸಿನಲ್ಲಿ ಕೂತು ಪುಸ್ತಕವನ್ನು ಮತ್ತೆ ಓದಿದೆ. ತಳದಲ್ಲಿ ಉಳಿದ ಪುಡಿ. ಗಟ್ಟಿ ಹಾಲು. ಈಜುವ ಇರುವೆ. ಎಲ್ಲವನ್ನೂ ನನ್ನ ಕೈಯಲ್ಲೇ, ದುಂಡನೆಯ ಅಕ್ಷರದಲ್ಲಿ ಬರೆದಿದ್ದೇನೆ.

ಮನೆಗೆ ಬಂದಾಗ ಐದು ಗಂಟೆಯಾಗುತ್ತಿತ್ತು. ಅತ್ತೆ ಹಾಲು ಇಳಿಸುತ್ತಿದ್ದರು. ನಾನು ಕೈಕಾಲು ತೊಳೆದು ಹೋಗಿ ಅವರ ಮಣೆಯ ಪಕ್ಕದಲ್ಲಿ ನೆಲದ ಮೇಲೆ ಕೂತೆ.

"ಅತ್ತೆ, ನನ್ನ ಹಾಲಿಗೆ ನೀವೂ ಪುಡಿ ಹಾಕ್ತಿದ್ರಾ?"

"ಹೂಂ."

"ಎಷ್ಟು?"

"ಎಷ್ಟು ಅಂದ್ರೆ? ನಿನ್ ಮುಖ ನೋಡಿ ಹಾಕ್ತಿದ್ದೆ."

ನಾನು ಪೆನ್ನು ತೆಗೆದಿದ್ದೆ. ಅದರ ಮುಚ್ಚಳ ಹಾಕಿದೆ.

"ನೀನು ಒಳಗ್ ಬರ್ಬೇಕಾದ್ರೆ ಮುಖ ಕೆಂಪಗಿದ್ರೆ ಒಂದಿಷ್ಟು ಜಾಸ್ತಿ" ಎಂದರು ಅತ್ತೆ, ಮಸಿಬಟ್ಟೆಯಿಂದ ಪಾತ್ರೆಯ ಅಂಚು ಒರೆಸುತ್ತಾ. "ಬಾಡಿದ್ರೆ ಒಂದು ಚಿಟಿಕೆ. ನಗ್ತಾ ಬಂದ್ರೆ ಹಾಕ್ತಿರ್ಲಿಲ್ಲ."

"ನಗ್ತಾ ಬಂದಿದ್ದು ಎಷ್ಟು ದಿನ?"

"ಒಂದಿನ. ಗ್ಯಾಸ್ ಸಿಲಿಂಡರ್ ಬಂದಿತ್ತಲ್ಲ, ಅವತ್ತು."

ಅಂದರೆ ಕಾವು ಹೆಚ್ಚಾದ ದಿನವೇ ಪುಡಿಯೂ ಹೆಚ್ಚು, ಕಾವು ಕಮ್ಮಿಯಾದ ದಿನ ಪುಡಿಯೂ ಕಮ್ಮಿ. ನಾನು ನಾಲ್ಕು ವಾರ ಅಳೆದದ್ದು ನನ್ನ ಚಮಚವನ್ನಲ್ಲ, ನನ್ನ ಮುಖವನ್ನು. "ನನಗೆ ಒಂದು ಮಾತು ಹೇಳಬಹುದಿತ್ತಲ್ಲ ಅತ್ತೆ" ಎಂದೆ.

"ಸುಮ್ನಿರಿ ಅಂದಿದ್ಯಲ್ಲ."

ಇಷ್ಟು ದಿನ ಕೂಡಿಟ್ಟುಕೊಂಡಿದ್ದ ತಪ್ಪಾಯ್ತು ಆಗ ಅಡ್ಡಾದಿಡ್ಡಿಯಾಗಿ, ಯಾವ ತರ್ಕವೂ ಇಲ್ಲದೆ ಬಾಯಿಂದ ಬಂತು. ನಿಮಗೆ ಎಷ್ಟು ಬೇಜಾರಾಯಿತೋ ಎಂದೆಲ್ಲ ಅಂದೆ. ಅತ್ತೆ ನನ್ನನ್ನೇ ನೋಡಿದರು. "ಬೇಜಾರ್ಯಾಕೆ? ನನಗೂ ಆಗಿತ್ತು ಅದು. ಆವಾಗ ಯಾರಾದ್ರೂ ಪಕ್ಕದಲ್ಲಿ ನಿಂತು ಮಾತಾಡಿದ್ರೆ ಸಾಕು, ಅವ್ರ ಬಾಯಿಗೆ ಹಿಟ್ಟು ಮೆತ್ತಬೇಕು ಅನ್ಸೋದು. ಕಲ್ಲು ತಣ್ಣಗಿರ್ತದೆ ಅಂತ ರುಬ್ಬೋ ಗುಂಡಿಗೆ ಕೆನ್ನೆ ಒತ್ಕೊಂಡ್ ಕೂತಿರ್ತಿದ್ದೆ. ನಮ್ಮತ್ತೆ ಅದ್ಕೂ ಮಾತಾಡೋರು. ಒಂದಿನನಾದ್ರೂ ಸುಮ್ನಿದ್ದಿದ್ರೆ ಅವ್ರ ಕಾಲು ಹಿಡೀತಿದ್ದೆ ಕಣೇ. ನೀನು ಬಾಯ್ಬಿಟ್ಟು ಕೇಳ್ದೆ. ಸರಿ, ಇದೂ ಇದ್ಕೆ ಔಷ್ದಿನೇ ಅಂದ್ಕೊಂಡು ಸುಮ್ನಿದ್ದೆ. ಎಷ್ಟು ದಿನ ಅಂತ ಮಾತ್ರ ನೀನು ಹೇಳ್ಲಿಲ್ಲ. ಕೇಳೋಣ ಅಂದ್ರೆ ಅದ್ಕೂ ಮಾತಾಡ್ಬೇಕು."

ನಾನು ನಗಲು ಹೋದೆ, ಅಳು ಬಂತು, ಅದರ ಹಿಂದೆಯೇ ಕಾವೂ ಬಂತು. ಅತ್ತೆ ಎದ್ದು ಹೋಗಿ ಬಾಗಿಲು ಪೂರ್ತಿ ತೆರೆದು, ಮೊರ ತಂದು ಬೀಸತೊಡಗಿದರು. ಬೀಸುತ್ತಾ ಬೀಸುತ್ತಾ ನಿಲ್ಲಿಸಿದ್ದಲ್ಲಿಂದಲೇ ಅಮೃತಾಪುರದ ಮದುವೆ ಶುರುಮಾಡಿದರು. ನೂರು ಸಲ ಕೇಳಿದ ಕತೆ ಅಂದೆನಲ್ಲ, ಅದರ ಕೊನೆಯನ್ನು ನಾನು ಕೇಳಿಯೇ ಇರಲಿಲ್ಲ ಎಂದು ಅವತ್ತು ಗೊತ್ತಾಯಿತು. ಸಾರು ಸಾಲದೆ ಬಂದಾಗ, ಆಗಿನ್ನೂ ಹದಿನಾರು ವರ್ಷದ ನಮ್ಮತ್ತೆ ಯಾರಿಗೂ ಹೇಳದೆ ಅದಕ್ಕೆ ಎರಡು ಕೊಡ ಬಿಸಿನೀರು ಸುರಿದಿದ್ದರಂತೆ. ಬೀಗರು ಎರಡು ಸಲ ಹಾಕಿಸಿಕೊಂಡು ಹೊಗಳಿದರಂತೆ.

ಥೈರಾಯ್ಡಿಗೆ ಮಾತ್ರೆ ಬರೆದುಕೊಟ್ಟಿದ್ದ ಕಡೂರಿನ ಡಾಕ್ಟರಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವರು ಪುಸ್ತಕವನ್ನು ಕೊನೆಯವರೆಗೂ ಓದಿದರು, ಈಜುವ ಇರುವೆಯ ಜಾಗದಲ್ಲಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಥೈರಾಯ್ಡ್ ಮತ್ತೆ ಪರೀಕ್ಷೆ ಮಾಡಿಸೋಣ ಎಂದರು. ಕೆಲವರಿಗೆ ಈ ಬೇರು ಹಿತವೆನಿಸುತ್ತದೆ, ಕೆಲವರಿಗೆ ಏನೂ ಅನ್ನಿಸುವುದಿಲ್ಲ, ಇಂತಿಷ್ಟೇ ಎಂದು ಬರೆದುಕೊಡಲು ತಮಗೂ ಗೊತ್ತಿಲ್ಲ ಎಂದರು. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದ ಮೊದಲನೆಯವರು ಅವರೇ, ಅದಕ್ಕೇ ಅವರ ಮಾತು ನಂಬಿದೆ. "ಒಂದು ತಿಂಗಳು ಪುಡಿ ನಿಲ್ಲಿಸಿ. ಬರೆಯೋದು ನಿಲ್ಲಿಸಬೇಡಿ. ಆಗ ಹೋಲಿಸಿ ನೋಡೋಕೆ ಏನಾದರೂ ಇರುತ್ತೆ. ಆಗಲೂ ತಡೆಯೋಕೆ ಆಗ್ಲಿಲ್ಲ ಅಂದ್ರೆ ಬೇರೆ ದಾರಿ ಇದೆ, ಮಾತಾಡೋಣ" ಎಂದರು. ನಮ್ಮ ಮನೆಯವರು ಹೇಳಿದ ಖಾಲಿ ಪ್ಲಾಟು ಕೊನೆಗೆ ನಾನೇ ಆದೆ.

ಅತ್ತೆಗೆ ವಿಷಯ ತಿಳಿಸಿ, ಡಬ್ಬಿಯನ್ನು ಅವರೆದುರಿಗೇ ಅಟ್ಟದ ಮೇಲೆ ಇಟ್ಟೆ. "ಡಾಕ್ಟ್ರು ಬ್ಯಾಡ ಅಂದ್ಮೇಲೆ ನಾನ್ಯಾಕೆ ಹಾಕ್ಲಿ" ಎಂದರು. ಮಾತಿಗೆ ತಪ್ಪಲಿಲ್ಲ. ಹಾಲು ಬೆಳ್ಳಗೆ ಬರತೊಡಗಿತು, ತಳದಲ್ಲಿ ಏನೂ ಉಳಿಯುತ್ತಿರಲಿಲ್ಲ. ಇನ್ನೂ ಮೂರನೇ ವಾರ ನಡೆಯುತ್ತಿದೆ. ಕಾವು ಬರುವುದೇನೂ ನಿಂತಿಲ್ಲ, ಕೆಲವು ದಿನ ಎರಡು ಕಮ್ಮಿ, ಕೆಲವು ದಿನ ಒಂದು ಜಾಸ್ತಿ. ಆದರೆ ಸಣ್ಣದನ್ನು ಗಮನಿಸುವ ಚಾಳಿ ಎಲ್ಲಿಗೆ ಹೋಗುತ್ತದೆ? ಹಾಲಿನ ಸಿಹಿ ದಿನಕ್ಕೊಂದು ಥರ ಇರುತ್ತದೆ ಎಂದು ಮೊದಲ ವಾರದಲ್ಲೇ ಅನ್ನಿಸಿತು. ಒಂದು ದಿನ ಸಪ್ಪೆ, ಒಂದು ದಿನ ಹದ, ಒಂದು ದಿನ ಪಾಯಸ. ಬಾಗಿಲ ಸಂದಿಯಿಂದ ನೋಡಿದೆ. ಅತ್ತೆಯ ಕೈ ಈಗ ಬೆಲ್ಲದ ಡಬ್ಬಿಗೆ ಹೋಗುತ್ತದೆ. ನಾನು ಒಳಗೆ ಬರುವಾಗ ಒಂದು ಸಲ ತಲೆ ಎತ್ತಿ ನೋಡುತ್ತಾರೆ, ಆಮೇಲೆ ಒಂದು ಚೂರು ಮುರಿದು ಹಾಕುತ್ತಾರೆ. ಬೆಲ್ಲದ ಬಗ್ಗೆ ಡಾಕ್ಟರಮ್ಮ ಏನೂ ಅಂದಿಲ್ಲವಲ್ಲ.

ನ್ಯಾಯವಾಗಿ ಇದನ್ನು ನಿಲ್ಲಿಸಬೇಕಿತ್ತು. ನಿಲ್ಲಿಸಿಲ್ಲ. ಪುಸ್ತಕದಲ್ಲಿ ಐದನೆಯ ಅಂಕಣವೊಂದನ್ನು ಎಳೆದು, ಸಿಹಿ ಎಂದು ಬರೆದಿದ್ದೇನೆ. ನನ್ನ ಮುಖ ಹೇಗಿದೆ ಎಂದು ತಿಳಿಯಲು ನನಗೆ ಈಗ ಕನ್ನಡಿಗಿಂತ ಆ ಲೋಟವೇ ಹೆಚ್ಚು ನಂಬಿಕೆಯದು. ನಿನ್ನೆ ಸಂಜೆ ಹಾಲು ಬಾಯಿಗಿಡಲಾರದಷ್ಟು ಸಿಹಿಯಾಗಿತ್ತು. ಯಾರ ಮೇಲೆ ಮುನಿದಿದ್ದೇನೆ ಎಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಯಾವುದಕ್ಕೂ ಇರಲಿ ಎಂದು, ಎಲ್ಲರೊಂದಿಗೂ ಒಂದು ದನಿ ತಗ್ಗಿಸಿ, ಕೇಳಿದ್ದಕ್ಕೆಲ್ಲ ನಗುನಗುತ್ತಾ ಉತ್ತರ ಕೊಟ್ಟು ಅಡುಗೆ ಬಡಿಸಿದೆ. ಮನೆಯವರು ಎರಡು ತುತ್ತು ತಿಂದು ತಟ್ಟೆಯಿಂದ ತಲೆ ಎತ್ತಿದರು. ನನ್ನನ್ನು ನೋಡಿದರು, ಅವರಮ್ಮನನ್ನು ನೋಡಿದರು. "ಯಾಕೆ, ಏನಾಯ್ತು ಇವ್ಳಿಗೆ?" ಎಂದು ಗಾಬರಿಯಿಂದ ಕೇಳಿದರು.